ಮುಟ್ಟದ ಊಟ

"ಮೇಡಂ, ಇಲ್ಲಿ ನೋಡಿ! ಬೆರಳೂ ಸೋಕಿಸಿಲ್ಲ ಪುಣ್ಯಾತ್ಮರು!"

ನಗರಸಭೆಯ ಮೇಸ್ತ್ರಿ ಚೀಲವೊಂದನ್ನು ಟಾರ್ಪಾಲಿನ ಮೇಲೆ ಸುರಿದು ಕೂಗಿದ. ಪರಿಸರ ಇಂಜಿನಿಯರ್ ಮಾಸ್ಕ್ ಸರಿಪಡಿಸಿಕೊಳ್ಳುತ್ತ ಓಡಿಬಂದಳು. ಬೆಳಗಿನಿಂದ ಅವಳ ತಂಡ ಒಂದು ಬಡಾವಣೆಯ ಕಸವನ್ನೆಲ್ಲ ಹರವಿಕೊಂಡು ಕೂತಿತ್ತು. ಹಸಿ ಕಸ ಕಡಿಮೆ ಮಾಡಲು ಅನುದಾನ ಬೇಕೆನ್ನುವ ನಗರಗಳು ತಮ್ಮ ಕಸದಲ್ಲಿ ಎಸೆದ ಊಟ ಎಷ್ಟಿದೆಯೆಂದು ತೂಗಿ ತೋರಿಸಬೇಕಿತ್ತು. ಊರಾಚೆಯ ಕಸದ ಗುಡ್ಡಕ್ಕೆ ಇನ್ನೊಂದು ಲಾರಿ ಹಿಡಿಯುವಷ್ಟೂ ಜಾಗವಿರಲಿಲ್ಲ. ಈ ಸಲ ಅನುದಾನ ತಪ್ಪಿದರೆ ಎಲ್ಲರೂ ಅವಳ ಮುಖವನ್ನೇ ನೋಡುವವರು. ಪರರ ಮನೆಯ ಗುಟ್ಟು ಕೆದಕುವುದು ಯಾಕೆಂದು ಅವಳು ತಾನಿರುವ ಬಡಾವಣೆಯನ್ನೇ ಆರಿಸಿಕೊಂಡಿದ್ದಳು.

ಚೀಲದಿಂದ ಉರುಳಿದ್ದು ಒಂದು ದಿನದ ಊಟವಲ್ಲ. ಅನ್ನ, ಹುರಿದ ಬೀನ್ಸ್, ಬೇಯಿಸಿದ ಮೊಟ್ಟೆ. ಕೆಲವು ಹಳಸಿ ನೀರೊಡೆದಿದ್ದವು. ನಿನ್ನೆಯದು ಮಾತ್ರ ಡಬ್ಬಿಯ ಆಕಾರದಲ್ಲೇ ಗಟ್ಟಿಯಾಗಿ ಕೂತಿತ್ತು.

"ಎಲ್ಲಿತ್ತು ಇದು?"

"ಸ್ಕೂಲ್ ಬಸ್ ನಿಲ್ಲುತ್ತಲ್ಲ, ಆ ತಿರುವಿನ ತೊಟ್ಟೀಲಿ. ಯಾವ ಮಹಾರಾಯರ ಮಗುವೋ! ಹೆತ್ತವಳು ಎದ್ದು ಬೇಯಿಸಿ ಕಟ್ಟಿಕೊಟ್ಟಿದ್ದನ್ನ ಸುರಿದು ಹೋಗುತ್ತಲ್ಲ."

"ಬೈಬೇಡಿ ಅಣ್ಣ, ಇದರಿಂದ್ಲೇ ನಮ್ಮ ಕೆಲಸ ಆಗೋದು. ಫೋಟೋ ತೆಗೀರಿ, ಅರ್ಜಿಯ ಮೊದಲ ಪುಟಕ್ಕೇ ಹಾಕೋಣ." ಹಿಗ್ಗಿನಿಂದ ಕುಕ್ಕರುಗಾಲಲ್ಲಿ ಕೂತು, ಚೆನ್ನಾಗಿ ಕಾಣಲೆಂದು ಅವಳೇ ಅನ್ನವನ್ನು ಬೆರಳಿಂದ ಬಿಡಿಸಿದಳು. ಹೂವಿನ ಹಾಗೆ ಕತ್ತರಿಸಿದ ಕ್ಯಾರೆಟ್ ಬಿಲ್ಲೆಯೊಂದು ಹೊರಬಂತು. ಅದರ ಒಂದು ಎಸಳು ಮೊಂಡಾಗಿತ್ತು.

ಅವಳ ಕೈ ಅಲ್ಲೇ ನಿಂತಿತು.

ತನ್ನ ಮಗಳು ನರ್ಸರಿಗೆ ಹೋಗುವಾಗ ಕೊಂಡ ಹೂವಿನ ಅಚ್ಚಿನಲ್ಲಿ ಕತ್ತರಿಸಿದ್ದು ಅದು. ಅಚ್ಚಿನ ಒಂದು ಎಸಳು ಬಾಗಿ ಎಷ್ಟೋ ಕಾಲವಾಗಿತ್ತು. ಹೈಸ್ಕೂಲಿಗೆ ಬಂದ ಮೇಲೆ ಮಗಳು "ನಾನಿನ್ನೂ ಪಾಪುನಾ?" ಎಂದು ರೇಗಿದರೂ ಅವಳು ಹೂವು ಕತ್ತರಿಸುವುದನ್ನು ಬಿಟ್ಟಿರಲಿಲ್ಲ. ಸಂಜೆ ಡಬ್ಬಿ ಖಾಲಿಯಾಗಿ, ತೊಳೆದೇ ಬರುತ್ತಿತ್ತು. ನನ್ನ ಮಗಳಂಥ ಅಚ್ಚುಕಟ್ಟು ಇನ್ನೊಂದಿಲ್ಲ ಎಂದು ಅಕ್ಕಪಕ್ಕದವರ ಮುಂದೆ ಕೊಚ್ಚಿಕೊಂಡಿದ್ದೂ ಉಂಟು.

"ಸ್ವಲ್ಪ ಈ ಕಡೆ ತಿರುಗಿ ಮೇಡಂ, ಫೋಟೋ..."

"ಬೇಡ." ಅವಳು ಎದ್ದು ನಿಂತಳು. "ಫೋಟೋ ಬೇಡ ಅಣ್ಣ. ತೂಕ ಬರ್ಕೊಂಡು ಇದನ್ನ ಪಕ್ಕಕ್ಕೆ ಹಾಕಿ. ನಾನು ಮನೆಗೆ ಹೋಗ್ಬೇಕು."

ಅಂದು ಶಾಲೆಗೆ ರಜೆ. ಮಧ್ಯಾಹ್ನದ ಧಗೆಯಲ್ಲೂ ಮಗಳು ಅಪ್ಪನ ದೊಗಳೆ ಸ್ವೆಟರ್ ತೊಟ್ಟು ಓದುತ್ತ ಕೂತಿದ್ದಳು. ಈಗಿನ ಹುಡುಗಿಯರ ಶೋಕಿ ಎಂದುಕೊಂಡಿದ್ದಳು ತಾಯಿ. ಬಾಗಿಲಲ್ಲಿ ನಿಂತವಳ ಮುಖ ನೋಡಿ ಮಗಳು ಪುಸ್ತಕ ಮುಚ್ಚಿದಳು.

"ಏನಾಯ್ತಮ್ಮಾ?"

ತಾಯಿ ಪಕ್ಕದಲ್ಲಿ ಕೂತು ಅವಳ ತೋಳು ಹಿಡಿದಳು. ಉಣ್ಣೆಯ ಒಳಗೆ ಬೆರಳುಗಳು ಕುಸಿಯುತ್ತಲೇ ಹೋದವು. ಕೊನೆಗೆ ಕೈಗೆ ಸಿಕ್ಕಿದ್ದು ಬರೀ ಮೂಳೆ. ಹೆಬ್ಬೆರಳೂ ತೋರುಬೆರಳೂ ತೋಳನ್ನು ಬಳಸಿ ಒಂದಕ್ಕೊಂದು ತಾಗಿದವು.

"ಯಾಕೇ ಕಂದಾ?"

ಮಗಳು ತೋಳು ಬಿಡಿಸಿಕೊಳ್ಳಲು ನೋಡಿದಳು. "ಇನ್ನೂ ದಪ್ಪ ಇದೀನಿ ಬಿಡಮ್ಮಾ."

ಕೆಲಸದ ಬಟ್ಟೆಯನ್ನೂ ಬದಲಿಸದೆ ತಾಯಿ ಟ್ಯಾಕ್ಸಿ ಕರೆಸಿದಳು. ಆಸ್ಪತ್ರೆಯ ದಾರಿಯುದ್ದಕ್ಕೂ ಅವಳ ಬಿಕ್ಕು ನಿಲ್ಲಲಿಲ್ಲ. ಮಗಳು ಸ್ವೆಟರಿನ ತೋಳಿನಿಂದ ಅಮ್ಮನ ಕೆನ್ನೆ ಒರೆಸಿದಳು. ಆಮೇಲೆ ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು:

"ಅಳಬೇಡಮ್ಮಾ. ಮೊದಮೊದಲು ಕಷ್ಟ ಆಗ್ತಿತ್ತು. ಈಗ ಹಸಿವೇ ಆಗಲ್ಲ."