ಜೋರ್ಕಿಯೋ, ಫೆಡ್ಡೋ?

“ಇನ್ನೂ ಹೇಳೋಕಾಗಲ್ಲ ಮೇಡಂ,” ಎಂದು ಕ್ಯಾಮೆರಾ ರಿಪೇರಿಯವನು ಈ ಶನಿವಾರವೂ ಹಸಿ ಸುಳ್ಳು ಹೇಳಿದ.

ಮೇಜಿನ ಮೇಲೆ ಎರಡು ಹಳೆಯ ಸೋವಿಯತ್ ಕ್ಯಾಮೆರಾಗಳಿದ್ದವು. ಒಂದು ಜೋರ್ಕಿ, ಒಂದು ಫೆಡ್. ಎದುರಿನ ಸ್ಟೂಲಿನಲ್ಲಿ ಕೂತಿದ್ದ ಗ್ರಂಥಾಲಯದಾಕೆಯ ತೀರಿಹೋದ ಅಣ್ಣನವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಯಾರಿಗಾದರೂ ಕೊಟ್ಟುಬಿಡುವುದು ಆಕೆಯ ಯೋಚನೆ. ಯಾವುದು ವಾಸಿ ಎಂದು ಇವನು ಹೇಳಬೇಕಿತ್ತು, ಅಷ್ಟೇ.

ಉತ್ತರ ಮೊದಲ ದಿನವೇ ಗೊತ್ತಾಗಿತ್ತು. ಜೋರ್ಕಿಯಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ದೊಡ್ಡದು. ಅದರಲ್ಲಿ ಎರಡಾಗಿ ಕಾಣುವ ಬಿಂಬ ಲೆನ್ಸ್ ತಿರುಗಿಸಿದರೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಒಂದಾಗುತ್ತಿತ್ತು. ಫೆಡ್ಡಿನ ಕಿಂಡಿ ಚಿಕ್ಕದು, ಫಿಲ್ಮ್ ಎಳೆಯುವಾಗ ಕೊಂಚ ಮೊಂಡು. ಎರಡಕ್ಕೂ ರೋಗವೇನಿರಲಿಲ್ಲ.

ಆದರೆ ಹಾಗೆಂದುಬಿಟ್ಟರೆ ಆಕೆ ಮತ್ತೆ ಯಾಕೆ ಬರುತ್ತಾಳೆ? ಹೆಂಡತಿ ಹೋದ ಮೇಲೆ ಇವನು ಹೂಂಗುಟ್ಟುತ್ತಿದ್ದುದು ರೇಡಿಯೊಗೆ ಮಾತ್ರ. ಒಂಟಿತನ ಒಳಗೊಳಗೇ ತಿನ್ನುತ್ತಿತ್ತು. ಅದಕ್ಕೇ ಒಂದು ವಾರ ಶಟರ್ ಸೋಮಾರಿ ಎಂದ. ಇನ್ನೊಂದು ವಾರ ಲೆನ್ಸಿನೊಳಗೆ ಬೂಷ್ಟು ಎಂದ. ಆಕೆ ಲೆನ್ಸನ್ನು ಬೆಳಕಿಗೆ ಹಿಡಿದು, “ಹೌದೌದು, ಕಾಣಿಸ್ತಿದೆ,” ಎಂದಳು. ಇಲ್ಲದ ಬೂಷ್ಟನ್ನೂ ಕಾಣುವಷ್ಟು ಮುಗ್ಧೆ!

ಹೇಳಿದ್ದನ್ನು ಮರೆಯುವವಳೂ ಅಲ್ಲ. ಮೊದಲ ದಿನ ಇವನು ಕೊಟ್ಟ ಎಚ್ಚರಿಕೆಯನ್ನು ಪ್ರತಿ ಸಲವೂ ಪಾಠದಂತೆ ಒಪ್ಪಿಸುತ್ತಿದ್ದಳು.

“ಮೊದ್ಲು ಫಿಲ್ಮ್ ಎಳೀಬೇಕು. ಆಮೇಲೇ ಸ್ಪೀಡ್ ಗುಂಡಿ ತಿರುಗಿಸಬೇಕು. ಉಲ್ಟಾ ಮಾಡಿದ್ರೆ ಒಳಗಿನ ಪಿನ್ ಮುರಿಯುತ್ತೆ. ಸರಿನಾ?”

“ನೂರಕ್ಕೆ ನೂರು.”

“ಅಭ್ಯಾಸ ಮಾಡೋಕೆ ಬೇಕಾದಷ್ಟು ಹೊತ್ತಿದೆ. ಗ್ರಂಥಾಲಯದಲ್ಲಿ ಮಾತಾಡೋ ಹಾಗಿಲ್ಲ, ಮನೇಲಿ ಮಾತಾಡೋರಿಲ್ಲ.” ಆಕೆ ನಕ್ಕು ಎದ್ದಳು. “ನನ್ನಿಂದ ನಿಮಗೆ ಎಷ್ಟು ತೊಂದರೆ, ಪಾಪ!”

ಆ ‘ಪಾಪ’ ಎದೆಗೆ ಚುಚ್ಚಿತು. ಅಣ್ಣನನ್ನು ಕಳೆದುಕೊಂಡವಳನ್ನು ಹೀಗೆ ಸತಾಯಿಸುವುದೇ? ಇವನಿಗೆ ತನ್ನ ಮೇಲೇ ಅಸಹ್ಯವಾಯಿತು.

“ಜೋರ್ಕಿ ಇಟ್ಕೊಳ್ಳಿ ಮೇಡಂ,” ಎಂದುಬಿಟ್ಟ. “ಎರಡೂ ಗಟ್ಟಿಮುಟ್ಟಾಗಿವೆ. ಇನ್ನು ಇಲ್ಲಿಗೆ ತರೋ ಅಗತ್ಯ ಇಲ್ಲ.”

ಆಕೆಯ ಮುಖ ಸಪ್ಪಗಾಯಿತು. “ಚೆನ್ನಾಗಿ ನೋಡಿದ್ರಾ?”

“ನೋಡಿದೆ.”

ಇಷ್ಟು ದಿನ ಅಲೆದಾಡಿಸಿದ್ದಕ್ಕೆ ಬೇಜಾರಾಗಿರಬೇಕು ಎಂದುಕೊಂಡ. ಆಕೆ ಕ್ಯಾಮೆರಾಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಇವನು ಸ್ಟೂಲನ್ನು ಎತ್ತಿ ಒಳಗಿಟ್ಟ. ಆ ವಾರವೆಲ್ಲ ರೇಡಿಯೊ ಜೋರಾಗಿ ಹಾಡಿತು, ಇವನ ಕಿವಿಗೆ ಒಂದೂ ಬೀಳಲಿಲ್ಲ.

ಮುಂದಿನ ಶನಿವಾರ ಬಾಗಿಲಲ್ಲಿ ಅದೇ ಚೀಲ.

“ಸ್ಪೀಡ್ ಗುಂಡಿ ತಿರುಗ್ತಿಲ್ಲ,” ಎಂದು ಆಕೆ ಜೋರ್ಕಿಯನ್ನು ಮೇಜಿನ ಮೇಲಿಟ್ಟಳು. ಅದರ ಪಕ್ಕಕ್ಕೆ ಫೆಡ್ಡನ್ನೂ ಇಟ್ಟಳು.

ಜೋರ್ಕಿಯ ಮುಚ್ಚಳ ಬಿಚ್ಚಿದ. ಪಿನ್ನು ಮುರಿದಿತ್ತು. ಮನುಷ್ಯರ ಕೈ, ಒಮ್ಮೊಮ್ಮೆ ತಪ್ಪುತ್ತದೆ. ಫೆಡ್ಡನ್ನೂ ಬಿಚ್ಚಿದ. ಅದರಲ್ಲೂ ಅದೇ ಪಿನ್ನು.

ಇವನು ತಲೆಯೆತ್ತಿ ನೋಡಿದ. ಆಕೆ ಸ್ಟೂಲಿಗಾಗಿ ಸುತ್ತ ಕಣ್ಣಾಡಿಸುತ್ತಿದ್ದಳು.

“ಈ ಸಲ ನಿಜವಾಗ್ಲೂ ಕೆಟ್ಟಿವೆ,” ಎಂದಳು. “ನೀವು ಸುಳ್ಳು ಹೇಳೋ ಕಷ್ಟ ಇಲ್ಲ.”