ಗುಡಿಸದೆ ಬಿಟ್ಟ ಮನೆ

ಮನೆ ಸಾಮಾನು ಕಟ್ಟಿ ಸಾಗಿಸುವುದೇ ನನ್ನ ಕಸುಬು. ಹೊಸ ಗೋಣಿಯ ವಾಸನೆ ಬಂದಾಗಲೆಲ್ಲ ವಿಶಾಖಪಟ್ಟಣದ ಆ ಮಧ್ಯಾಹ್ನ ಕಣ್ಣಮುಂದೆ ನಿಲ್ಲುತ್ತದೆ.

ಅಪ್ಪ ತೀರಿಕೊಂಡ ಮೇಲೆ ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟು ನಾವು ಧಾರವಾಡಕ್ಕೆ ಮರಳಬೇಕಾಯಿತು. ಅವ್ವ ಗ್ಯಾಸ್ ಸಿಲಿಂಡರ್ ಹಿಂದಿರುಗಿಸಿದಳು, ಕರೆಂಟ್ ಬಿಲ್ ಕಟ್ಟಿದಳು, ಶಾಲೆಯಿಂದ ನನ್ನ ಟಿಸಿ ತಂದಳು. ಆ ಟಿಸಿ ಮತ್ತೆ ಯಾವ ಶಾಲೆಗೂ ಹೋಗಲಿಲ್ಲ. ಪಾತ್ರೆಗಳನ್ನು ತನ್ನ ಬಣ್ಣದ ಸೀರೆಗಳಲ್ಲಿ ಸುತ್ತಿ ಗೋಣಿಗೆ ತುಂಬಿದಳು.

ಲಾರಿ ತುಂಬಿದ ಮೇಲೆ ಅವ್ವ ಕಸಬರಿಗೆ ಹಿಡಿದಳು. ಪಕ್ಕದ ಮನೆಯ ಸೀತಮ್ಮ ಓಡಿಬಂದು ಅದನ್ನು ಕಿತ್ತುಕೊಂಡರು. ತೆಲುಗಿನವರು, ಅವರ ಕನ್ನಡವೆಲ್ಲ ಅವ್ವನಿಂದ ಕಲಿತದ್ದು.

"ಬ್ಯಾಡಂಡಿ ಅಕ್ಕಾ. ಹೆಣ ಎತ್ತಿದ ಮ್ಯಾಲೆ ಹಂಗ ಗುಡಿಸ್ತಾರ. ನೀವು ಊರಿಗೆ ಹೊಂಟೋರು, ಮತ್ತ ಬರೋರು."

"ಗುಡಿಸಲಾರದ ಕೀಲಿ ಕೊಟ್ರ, ಕನ್ನಡದಾಕಿ ಹೊಲಸು ಬಿಟ್ಟು ಹೋದ್ಲು ಅಂತಾರ. ಮತ್ತ ಬರಾಕ ನಂಗ ಇಲ್ಲೇನೈತಿ?"

ಸೀತಮ್ಮ ಕಸಬರಿಗೆಯನ್ನು ಬೆನ್ನ ಹಿಂದೆ ಹಿಡಿದರು.

"ಈ ಮನಿಯಿಂದ ಅಣ್ಣನ್ನ ಎತ್ತಿದ ದಿನ ನಾನ ಗುಡಿಸಿದೆ. ಇವತ್ತು ಗುಡಿಸೂದಿಲ್ಲ. ಕೀಲಿ ನಾಳೆ ನಾ ಕೊಡ್ತೀನಂಡಿ."

ಅವ್ವ ಕೀಲಿಯನ್ನು ಅವರ ಅಂಗೈಯಲ್ಲಿಟ್ಟು ಲಾರಿ ಹತ್ತಿದಳು. ಹಿಂದೆ ನೋಡಲಿಲ್ಲ. ನಾನು ನೋಡಿದೆ. ತಿರುವು ಬರುವವರೆಗೂ ಸೀತಮ್ಮ ಖಾಲಿ ಮನೆಯ ಹೊಸ್ತಿಲಲ್ಲಿ ನಿಂತೇ ಇದ್ದರು, ಕಸಬರಿಗೆ ನೆಲಕ್ಕೆ ತಾಗದಂತೆ ಎತ್ತಿ ಹಿಡಿದುಕೊಂಡು.