ಒಂದೇ ಸ್ಕ್ರೂ ಕೆಲಸ

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಕವುಚಿ ಹಾಕಿ, ಅದರ ಹೊಟ್ಟೆ ಬಿಚ್ಚಿ ಕೂತಿದ್ದ ಪೂಜಿತಾಳ ಬೆರಳಿನಿಂದ ಸಾಸಿವೆ ಕಾಳಿನಷ್ಟು ಸ್ಕ್ರೂ ಜಾರಿ ಬಿತ್ತು. ಟಿಣ್ ಅಂತ ಒಂದು ಸದ್ದು. ಆಮೇಲೆ ಪತ್ತೆಯಿಲ್ಲ.

“ಅತ್ತೆ, ಕಾಲೆತ್ತಬೇಡಿ!”

ಆಂಜನಮ್ಮ ಸೊಪ್ಪಿನ ಮೊರ ಹಿಡಿದುಕೊಂಡು ಇದ್ದಲ್ಲೇ ನಿಂತರು. ಪೂಜಿತಾ ಮಂಡಿಯೂರಿ ಹುಡುಕತೊಡಗಿದಳು. ಮಾರನೇ ದಿನ ಅವಳಿಗೆ ವಿಡಿಯೋ ಇಂಟರ್‌ವ್ಯೂ ಇತ್ತು. ಮೊದಲ ಸುತ್ತಿನಲ್ಲಿ ಈ ಲ್ಯಾಪ್‌ಟಾಪ್ ಹ್ಯಾಂಗ್ ಆಗಿ, ಅವಳ ಮುಖ ಬಾಯಿ ತೆರೆದ ಭಂಗಿಯಲ್ಲೇ ನಾಲ್ಕು ನಿಮಿಷ ನಿಂತುಬಿಟ್ಟಿತ್ತು. ಆ ಕಡೆಯವರು ಪಾಪ ಹುಡುಗಿ ಹೆದರಿದ್ದಾಳೆ ಅಂದುಕೊಂಡು ಕಾದರಂತೆ. “ಎಸ್‌ಎಸ್‌ಡಿ ಹಾಕಿದ್ರೆ ಕುದುರೆ ಥರ ಓಡುತ್ತೆ ಮೇಡಂ” ಎಂದು ಶಿವಾಜಿನಗರದ ಕಂಪ್ಯೂಟರ್ ಅಂಗಡಿಯ ಬಷೀರ್, ಹಳೇ ಡಿಸ್ಕಿನ ಕೆಲಸಕ್ಕೆ ಚ್ಯೂಯಿಂಗ್ ಗಮ್ಮಿನಂಥ ಒಂದು ಹೊಸ ಪಟ್ಟಿ ಮಾರಿದ್ದ. ಅವನೇ ಹಾಕಿಕೊಡುವುದಾದರೆ ಬುಧವಾರವಾಗುತ್ತಿತ್ತು. “ನೀವೇ ಹಾಕ್ಕೊಳ್ಳಿ. ಒಂದೇ ಸ್ಕ್ರೂ ಕೆಲಸ, ಮಕ್ಳಾಟ.” ಗಂಡ ನಿತೀಶ್ ಬೈಯಪ್ಪನಹಳ್ಳಿಯ ಮೆಟ್ರೋ ಡಿಪೋದಲ್ಲಿ ಡ್ಯೂಟಿಯಲ್ಲಿದ್ದ. ಉಳಿದದ್ದು ಯೂಟ್ಯೂಬು.

“ಫ್ಯೂಸು ಕಿತ್ತವಳಾ ಕೇಳು,” ಎಂದಿತು ಸೋಫಾದ ಮೇಲಿದ್ದ ಪೇಪರು.

“ಬ್ಯಾಟರಿ ವೈರ್ ತೆಗ್ದಿದೀನಿ ಅಂತ ಹೇಳಿ ಅತ್ತೆ.”

“ತೆಗ್ದವಳಂತೆ ಕಣ್ರೀ.”

“ಕೇಳಿಸ್ತು.”

ಪೇಪರಿನ ಹಿಂದೆ ಇದ್ದವರು ಮಾವ ದೊಡ್ಡಮುನಿಯಪ್ಪ. ಮಗ ಹಲಸೂರಿನ ಬೌದ್ಧರ ಮನೆ ಹುಡುಗಿಯನ್ನು ರಿಜಿಸ್ಟರ್ ಮದುವೆಯಾಗಿ ಮನೆಗೆ ಕರೆತಂದ ದಿನದಿಂದ, ಎರಡು ವರ್ಷ, ಅವರು ಸೊಸೆಯ ಜೊತೆ ಒಂದೂ ಮಾತಾಡಿರಲಿಲ್ಲ. ಅವಳು ಮಾಡಿದ ಸಾರನ್ನು ಮಾತ್ರ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದರು. ಅವರ ಬಾಯಿಗೆ ಒಳಕ್ಕೆ ತೆಗೆದುಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. ಹೊರಕ್ಕೆ ಬಿಡುವುದಕ್ಕಷ್ಟೇ ಜಾತಿ ಅಡ್ಡ ಬರುತ್ತಿತ್ತು.

ಆದರೆ ಕೆ.ಆರ್. ಪುರದ ಹೊಲಗಳೆಲ್ಲ ಸೈಟುಗಳಾಗುವ ಮುಂಚೆ, ಸುತ್ತಮುತ್ತಲ ಬಾವಿಗಳ ಪಂಪ್‌ಸೆಟ್ಟುಗಳನ್ನೆಲ್ಲ ಬಿಚ್ಚಿ ಜೋಡಿಸಿದ ಕೈ ಅದು. ಬಿಚ್ಚಿಟ್ಟ ಯಂತ್ರ ಕಂಡರೆ ತುರಿಸುತ್ತಿತ್ತು. ಸ್ಕ್ರೂ ಸಿಗಲಿಲ್ಲ ಎಂದು ಖಾತ್ರಿಯಾದ ಮೇಲೆ ಪೇಪರು ಕೆಳಗಿಳಿಯಿತು. ಎದ್ದು ಒಳಗೆ ಹೋದವರು, ಹಳೇ ಸ್ಪೀಕರಿನಿಂದ ಕಿತ್ತಿದ್ದ ತಟ್ಟೆ ಇಡ್ಲಿಯಷ್ಟು ದೊಡ್ಡ ಆಯಸ್ಕಾಂತ ಹಿಡಿದುಕೊಂಡು ನೇರ ಮೇಜಿನ ಕಡೆ ಬಂದರು.

“ಮಾವ! ಅಲ್ಲೇ ನಿಲ್ಲಿ!” ಪೂಜಿತಾ ಕಿರುಚಿದಳು. “ಅದನ್ನ ಇಲ್ಲಿಗೆ ತರಬೇಡಿ, ಹಳೇ ಡಿಸ್ಕ್ ಹಾಳಾಗಿ ಹೋಗುತ್ತೆ!”

ದೊಡ್ಡಮುನಿಯಪ್ಪ ನಿಂತರು. ಅವರ ತಾಯಿ ಜಟ್ಟೆಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರಿಗೆ ನಿಲ್ಲಿ ಅಂದವರು ಯಾರೂ ಇರಲಿಲ್ಲ. ಆಂಜನಮ್ಮ ಮೊರವನ್ನು ಎದೆಗೆ ಅವುಚಿಕೊಂಡರು. ಮಾವ ಮೇಜಿನಿಂದ ದೂರದಲ್ಲೇ ನೆಲಕ್ಕೆ ಕೂತು, ಆಯಸ್ಕಾಂತವನ್ನು ದಿವಾನಿನ ಅಡಿ ಸವರಿ ಎಳೆದರು. ಎರಡು ಹೇರ್‌ಪಿನ್ನು, ಒಂದು ಬ್ಲೌಸಿನ ಹುಕ್ಕು ಮತ್ತು ಸ್ಕ್ರೂ ಅಂಟಿಕೊಂಡು ಬಂದವು. ಸ್ಕ್ರೂ ಮತ್ತೆ ಜಾರದೆ ಅಂಟಿಕೊಳ್ಳಲೆಂದು ಸ್ಕ್ರೂಡ್ರೈವರಿನ ತುದಿಯನ್ನೂ ಅದಕ್ಕೆ ನಾಲ್ಕು ಸಲ ಉಜ್ಜಿ, ಆಯಸ್ಕಾಂತವನ್ನು ಹೊರಗೆ ಜಗುಲಿಯ ಮೇಲಿಟ್ಟು ಬಂದರು.

ಪಟ್ಟಿಯನ್ನು ಓರೆಯಾಗಿ ತೂರಿಸಿದರೆ ಅದರ ಇನ್ನೊಂದು ತುದಿ ಸ್ಪ್ರಿಂಗಿನಂತೆ ಮೇಲೇಳುತ್ತಿತ್ತು. ಒಬ್ಬರು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಸ್ಕ್ರೂ ತಿರುಗಿಸಬೇಕು. ಆಂಜನಮ್ಮನ ಕೈತುಂಬ ಸೊಪ್ಪಿನ ಮಣ್ಣು. ಪೂಜಿತಾ ಒತ್ತಿದಳು. ದೊಡ್ಡಮುನಿಯಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

“ಅವಳಿಗೆ ಹೇಳು, ಇನ್ನೂ ಸ್ವಲ್ಪ...” ಸ್ಕ್ರೂ ವಾಲಿತು. “ಒತ್ತಿ ಹಿಡ್ಕೊಳೇ ದಡ್ಡಿ! ಬಿಟ್ಟೀಯ ಮತ್ತೆ!”

ನಡುವೆ ನಿಂತಿದ್ದ ಆಂಜನಮ್ಮ ಮೊರ ಎತ್ತಿಕೊಂಡು ಪಕ್ಕಕ್ಕೆ ಸರಿದರು.

“ಒತ್ತಿದೀನಿ ಮಾವ,” ಎಂದಳು ಪೂಜಿತಾ ತಲೆಯೆತ್ತದೆ. “ನಿಮ್ಮ ಕೈಯೇ ನಡುಗ್ತಿರೋದು.”

“ಕೈಯಲ್ಲ. ಕನ್ನಡಕ ನಡುಗ್ತಾ ಐತೆ.”

ಸ್ಕ್ರೂ ಕೂತಿತು. ಮುಚ್ಚಳ ಹಾಕಿ ಬಟನ್ ಒತ್ತಿದರೆ ಪರದೆ ಕಪ್ಪಗೇ ಇತ್ತು. ಪೂಜಿತಾಳ ಮುಖವೂ ಕಪ್ಪಿಟ್ಟಿತು. ನಾಳೆಯ ಇಂಟರ್‌ವ್ಯೂ ಕಥೆ ಮುಗಿಯಿತು ಅಂದುಕೊಂಡಳು.

“ಕಿತ್ತ ವೈರು ವಾಪಸ್ ಕೊಟ್ಯಾ?” ಎಂದರು ದೊಡ್ಡಮುನಿಯಪ್ಪ.

ಕೊಟ್ಟಿರಲಿಲ್ಲ. ಮತ್ತೆ ಹತ್ತು ಸ್ಕ್ರೂ ಬಿಚ್ಚಿ, ಬ್ಯಾಟರಿ ವೈರು ಸಿಕ್ಕಿಸಿ, ಹತ್ತನ್ನೂ ವಾಪಸ್ ಬಿಗಿದರು. ಹಳೇ ಡಿಸ್ಕಿನಲ್ಲಿದ್ದದ್ದೆಲ್ಲ ಹೊಸದಕ್ಕೆ ಕಾಪಿಯಾಗಲು ಎರಡು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ದೊಡ್ಡಮುನಿಯಪ್ಪ ಕುರ್ಚಿ ಎಳೆದುಕೊಂಡು, ಪರದೆಯ ಮೇಲಿನ ಶೇಕಡಾವನ್ನು ಚುನಾವಣೆ ಫಲಿತಾಂಶದಂತೆ ಗಟ್ಟಿಯಾಗಿ ಓದುತ್ತಾ ಕೂತರು. ಕೊನೆಗೆ ಆಫ್ ಮಾಡಿ ಆನ್ ಮಾಡಿದಾಗ, ಹತ್ತು ಎಣಿಸುವಷ್ಟರಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡಿತು. ಪೂಜಿತಾ ಕುರ್ಚಿಯಿಂದ ಜಿಗಿದಳು.

“ಇಷ್ಟೇನಾ?” ದೊಡ್ಡಮುನಿಯಪ್ಪನವರಿಗೆ ನಿರಾಸೆಯಾಗಿತ್ತು. ಸ್ಕ್ರೂಡ್ರೈವರ್ ಇನ್ನೂ ಕೈಯಲ್ಲೇ ಇತ್ತು. ಟಿವಿ ಕಡೆ ನೋಡಿದರು. ಅಡುಗೆಮನೆ ಕಡೆ ನೋಡಿದರು.

“ಮಿಕ್ಸಿ ಮುಟ್ಟಿದ್ರೆ ನೋಡಿ ಮತ್ತೆ!” ಎಂದರು ಆಂಜನಮ್ಮ.

ದೊಡ್ಡಮುನಿಯಪ್ಪ ಗಂಟಲು ಸರಿಮಾಡಿಕೊಂಡು ಸೊಸೆಯ ಕಡೆ ತಿರುಗಿದರು. “ನಿಮ್ಮಪ್ಪನ ಹತ್ರ ಲ್ಯಾಪ್‌ಟಾಪ್ ಐತಾ?”

“ಇದೆ ಮಾವ.”

“ಅದೂ ಸ್ಲೋನಾ?”

ಪೂಜಿತಾಳ ತಂದೆ ಶ್ರೀರಾಮಪ್ಪ ಹೋದ ತಿಂಗಳಷ್ಟೇ ಹೊಸ ಲ್ಯಾಪ್‌ಟಾಪ್ ಕೊಂಡಿದ್ದರು. ಮುಚ್ಚಳ ಎತ್ತುವಷ್ಟರಲ್ಲಿ ತೆರೆದುಕೊಳ್ಳುತ್ತಿತ್ತು.

“ತುಂಬಾ ಸ್ಲೋ ಮಾವ,” ಎಂದಳು ಪೂಜಿತಾ. “ನೀವೇ ಬಂದು ನೋಡ್ಬೇಕು.”